ಪದಬಂಧದ ಮನೆ, ಒಗಟಿನ ಜಗಲಿ

ಮಾತಾಡುವವರು ಇಬ್ಬರು. ಒಬ್ಬರು ಮಳವಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಪತ್ರಿಕೆಯ ಪದಬಂಧದ ಜೊತೆಗೆ ಈಗ ಫೋನಿನಲ್ಲಿ ದಿನಕ್ಕೊಂದರಂತೆ ಬರುವ ಪದದಾಟವನ್ನೂ ತಪ್ಪಿಸದೆ ಆಡುತ್ತಾರೆ. ಬಚ್ಚಿಟ್ಟ ಪದವನ್ನು ಆರು ಸಾಲಿನೊಳಗೆ ಊಹಿಸಬೇಕು; ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಹಸಿರು, ಬೇರೆ ಮನೆಯದಾದರೆ ಹಳದಿ, ಪದದಲ್ಲೇ ಇಲ್ಲದಿದ್ದರೆ ಬೂದುಬಣ್ಣ. ಇನ್ನೊಬ್ಬ ಅವರ ಅಣ್ಣನ ಮಗ, ಜಾನಪದದ ಸಂಶೋಧಕ. ಹಳ್ಳಿ ಹಳ್ಳಿ ಸುತ್ತಿ ಒಗಟುಗಳನ್ನು ಬರೆದುಕೊಳ್ಳುತ್ತಿದ್ದಾನೆ. ಫೋನಿನ ವಿಷಯಕ್ಕೆ ಮನೆಗಳಲ್ಲಿ ನಡೆಯುವ ಜಗಳದಲ್ಲಿ ಸಾಮಾನ್ಯವಾಗಿ ಹಿರಿಯರು ಬೇಡವೆನ್ನುತ್ತಾರೆ, ಕಿರಿಯರು ಬಿಡುವುದಿಲ್ಲ. ಇಲ್ಲಿ ಅದು ತಿರುಗಿಕೊಂಡಿದೆ. ಮಳವಳ್ಳಿಯಿಂದ ಮದ್ದೂರಿಗೆ ಬಸ್ಸು, ಮದ್ದೂರಿನಿಂದ ಮಂಡ್ಯಕ್ಕೆ ರೈಲು. ಆ ದಾರಿಯುದ್ದಕ್ಕೂ ನಡೆದ ಮಾತು ಇದು.

ಅಳಿಯ: ಅತ್ತೆ, ಕೆ.ಎಂ. ದೊಡ್ಡಿ ಬಂತು. ಬಸ್ಸು ಹತ್ತಿದಾಗಿಂದ ನೀವು ತಲೆ ಎತ್ತಿಲ್ಲ.

ಅತ್ತೆ: ತಡಿಯೋ, ಇನ್ನೊಂದು ಸಾಲು. ಹ್ಞಾ, ಸಿಕ್ತು ನೋಡು, ನಾಲ್ಕನೇ ಸಾಲಿಗೆ. ನಿನ್ನ ಚಿಕ್ಕತ್ತೆಗೆ ಕಳಿಸಿಬಿಡ್ತೀನಿ. ಅವಳಿಗೆ ಐದಾಗಿತ್ತು.

ಅಳಿಯ: ಅವರ ಮನೆಗೇ ತಾನೆ ಹೋಗ್ತಿರೋದು? ಸ್ವಲ್ಪ ತಡೆದಿದ್ರೆ ಬಾಯಲ್ಲೇ ಹೇಳಬಹುದಿತ್ತು.

ಅತ್ತೆ: ಬಾಯಲ್ಲೂ ಹೇಳ್ತೀನಿ. ಮಳವಳ್ಳೀಲಿ ನಾನು, ಮದ್ದೂರಲ್ಲಿ ಅವಳು, ಮಂಡ್ಯದಲ್ಲಿ ನನ್ನ ಜೊತೆ ಪಾಠ ಮಾಡ್ತಿದ್ದ ಗೆಳತಿ. ಮೂವರೂ ಬೆಳಿಗ್ಗೆ ಒಂದೇ ಪದ ಹುಡುಕ್ತೀವಿ. ಸಿಕ್ಕಿದ ಮೇಲೆ ಫೋನ್ ಮಾಡಿ ಆ ಪದ ಸರೀನಾ, ಅದನ್ನ ಯಾರಾದ್ರೂ ಹಾಗೆ ಬಳಸ್ತಾರಾ ಅಂತ ಮಾತಾಡ್ತೀವಿ. ಕೆಲಸದಲ್ಲಿದ್ದಾಗ ಮೂವರೂ ಇಷ್ಟು ಮಾತಾಡಿದ್ದಿಲ್ಲ.

ಅಳಿಯ: ಮಾತಾಡ್ತೀರಲ್ಲ, ಅದು ನನಗೂ ಸಂತೋಷವೇ. ಆದ್ರೆ ಆಡೋ ಹೊತ್ತಲ್ಲಿ ನೀವು ಒಬ್ಬರೇ ಇರ್ತೀರಿ. ನಾನು ಬೊಪ್ಪೇಗೌಡನಪುರದ ಸುತ್ತಿನ ಹಳ್ಳೀಲಿ ಒಗಟು ಕೇಳೋಕೆ ಕೂರ್ತೀನಲ್ಲ, ಅಲ್ಲಿ ನೋಡಬೇಕು ನೀವು. ಅಜ್ಜಿ ಒಂದು ಒಗಟು ಒಡ್ಡಿದ್ರೆ ಜಗಲಿ ಮೇಲಿರೋ ಅಷ್ಟೂ ಜನ ಒಂದೊಂದು ಉತ್ತರ ಕೊಡ್ತಾರೆ. ತಪ್ಪು ಉತ್ತರಕ್ಕೇ ಹೆಚ್ಚು ನಗು. ಕೆಲವು ಸಲ ತಪ್ಪು ಹೇಳಿದ ಹುಡುಗನ ಉತ್ತರ ಎಷ್ಟು ಚೆನ್ನಾಗಿರುತ್ತೆ ಅಂದ್ರೆ ಅಜ್ಜಿ 'ಇದೂ ಆಯ್ತದೆ ಕಣ್ಲಾ' ಅಂತ ಒಪ್ಕೊಂಡುಬಿಡ್ತಾಳೆ. ನಿಮ್ಮ ಫೋನು ಹಾಗೆ ಒಪ್ಕೊಳ್ಳುತ್ತಾ? ತಪ್ಪಿದ್ರೆ ಬೂದುಬಣ್ಣ. ಮುಗೀತು.

ಅತ್ತೆ: ಆ ಅಜ್ಜಿಯರು ಎಲ್ಲರ ಮನೇಲೂ ಇದಾರಾ ಹೇಳು. ನಿನ್ನ ಮಾತು ಸುಳ್ಳಲ್ಲ, ಆದ್ರೆ ನೀನು ಹೇಳ್ತಿರೋದು ಜಗಲಿ ಇರೋ ಮನೆ, ಅದರ ಮೇಲೆ ಕೂರೋಕೆ ಜನ ಇರೋ ಮನೆ. ನನ್ನ ಮಗಳು ಸಮುದ್ರದಾಚೆ. ಮನೇಲಿ ನಾನೊಬ್ಬಳು. ಬೆಳಿಗ್ಗೆ ಎದ್ದಾಗ ಯಾರೋ ನನಗೋಸ್ಕರ ಒಂದು ಪದ ಬಚ್ಚಿಟ್ಟಿದಾರೆ ಅನ್ನೋದೇ ಒಂದು ಮಾತುಕತೆ ಇದ್ದ ಹಾಗೆ. ಅಲ್ಲಪ್ಪ, ಈ ಆಟಕ್ಕೆ ಮಾದರಿಯಾದ ಇಂಗ್ಲಿಷಿನ ವರ್ಡಲ್ ಹುಟ್ಟಿದ್ದಾದರೂ ಹೇಗೆ ಗೊತ್ತಾ? ಜೋಶ್ ವಾರ್ಡಲ್ ಅನ್ನೋ ಇಂಜಿನಿಯರು ಪದದಾಟ ಅಂದ್ರೆ ಇಷ್ಟಪಡ್ತಿದ್ದ ತನ್ನ ಸಂಗಾತಿ ಪಲಕ್ ಶಾ ಅವರಿಗೋಸ್ಕರ ಕಟ್ಟಿದ್ದು ಅದು. ಇಂಗ್ಲಿಷಿನಲ್ಲಿ ಐದಕ್ಷರದ ಪದ ಸುಮಾರು 12 ಸಾವಿರ ಇವೆ. ಅದರಲ್ಲಿ ಜನಕ್ಕೆ ಗೊತ್ತಿರೋದು ಯಾವುದು ಅಂತ ಆಕೆ ಕೂತು ಆರಿಸಿ ಎರಡು ಸಾವಿರ ಚಿಲ್ಲರೆಗೆ ಇಳಿಸಿದ್ರು. 2021ರ ನವೆಂಬರ್ 1ರಂದು ಆಡಿದೋರು 90 ಜನ. ಎರಡು ತಿಂಗಳಿಗೆ ಮೂರು ಲಕ್ಷ ದಾಟಿತು. ಒಬ್ಬರಿಗೋಸ್ಕರ ಮಾಡಿದ್ದು ಅಷ್ಟು ಜನಕ್ಕೆ ಹಿಡಿಸಿತು ಅಂದ್ರೆ ಅದರಲ್ಲಿ ಅಕ್ಕರೆ ಇತ್ತು ಅಂತಲೇ ನಾನು ತಿಳಿಯೋದು.

ಅಳಿಯ: ಆಮೇಲೆ ಅದನ್ನ ಪತ್ರಿಕೆ ಕೊಂಡುಕೊಳ್ತು.

ಅತ್ತೆ: ಹೌದು, 2022ರ ಜನವರೀಲಿ ನ್ಯೂಯಾರ್ಕ್ ಟೈಮ್ಸ್. ಹತ್ತು ಲಕ್ಷ ಡಾಲರ್ ಮೀರಿದ ಮೊತ್ತಕ್ಕೆ.

ಅಳಿಯ: ಅಲ್ಲಿಗೆ ಅಕ್ಕರೆ ಹೋಗಿ ಅಭ್ಯಾಸ ಬಂತು. ಜನ ದಿನಾ ಬರಬೇಕು, ಬಂದೋರು ಉಳೀಬೇಕು, ಅದಕ್ಕೆ ಆಟ. ಎಷ್ಟು ದಿನ ಬಿಡದೆ ಆಡಿದೀರಿ ಅಂತ ಲೆಕ್ಕ ತೋರಿಸುತ್ತಲ್ಲ, ಅದು ಯಾರ ಅನುಕೂಲಕ್ಕೆ? ಹೋದ ತಿಂಗಳು ಜ್ವರ ಬಂದು ಮಲಗಿದ್ದಾಗಲೂ ನೀವು ಎದ್ದು ಕೂತು ಆಡಿದ್ರಂತೆ. ಚಿಕ್ಕತ್ತೆ ಹೇಳಿದ್ರು.

ಅತ್ತೆ: ಆಡಿದೆ. ನೀನು ಆ ಲೆಕ್ಕದ ಬಗ್ಗೆ ಹೇಳಿದ್ದು ಸರಿ, ಅದು ನನಗೂ ಹಿಡಿಸೋದಿಲ್ಲ. ಲೆಕ್ಕ ಮುರೀದಿರಲಿ ಅಂತ ಆಡೋದು ಆಟ ಅಲ್ಲ. ಆದ್ರೆ ಪತ್ರಿಕೆ ದುಡ್ಡಿಗೋಸ್ಕರ ಮಾಡ್ತು ಅನ್ನೋ ಕಾರಣಕ್ಕೆ ಆಟವನ್ನೇ ತಳ್ಳಿಹಾಕಬೇಡ. 1924ರಲ್ಲಿ ಅದೇ ನ್ಯೂಯಾರ್ಕ್ ಟೈಮ್ಸ್ ಪದಬಂಧವನ್ನ ಪಾಪದ ಕಾಲಹರಣ ಅಂತ ಜರೆದು ಬರೆದಿತ್ತು. 1942ರಲ್ಲಿ, ಯುದ್ಧದ ನಡುವೆ, ತಾನೇ ಶುರು ಮಾಡ್ತು. ಜನಕ್ಕೆ ಬೇಕು ಅಂತ ಆದ ಮೇಲೆ ಪತ್ರಿಕೆ ಕೊಡ್ತು. ನಮ್ಮಲ್ಲಿ ಏನಾಯ್ತು ನೋಡು. ಕೋಲಾರ ಜಿಲ್ಲೆ ಅಬ್ಬಣಿಯ ಅ.ನಾ. ಪ್ರಹ್ಲಾದರಾವ್ ಒಬ್ಬರೇ 30 ಸಾವಿರಕ್ಕೂ ಹೆಚ್ಚು ಕನ್ನಡ ಪದಬಂಧ ಕಟ್ಟಿದಾರೆ. ಲಿಮ್ಕಾ ದಾಖಲೆ ಪುಸ್ತಕದಲ್ಲಿ ಸೇರಿತು. ಸರ್ಕಾರಿ ಕೆಲಸ ಮಾಡ್ತಾನೇ ಮನೆ ಮನೆಗೂ ಅಕ್ಷರ ತುಂಬಿದೋರು. ಅದನ್ನ ಬಿಡಿಸಿ ಬಿಡಿಸಿ ನನ್ನಂಥ ಎಷ್ಟು ಜನ ಹಳೇ ಪದ ಮರೀದೆ ಉಳಿಸಿಕೊಂಡಿದೀವಿ ಗೊತ್ತಾ?

ಅಳಿಯ: ಪದಬಂಧದ ಬಗ್ಗೆ ನನ್ನ ತಕರಾರು ಕಮ್ಮಿ. ಅದಕ್ಕೆ ಸುಳಿವು ಇರುತ್ತೆ, ಸುಳಿವಿನಲ್ಲಿ ಅರ್ಥ ಇರುತ್ತೆ. ಈ ಬಣ್ಣದ ಆಟದಲ್ಲಿ ಅರ್ಥವೇ ಬೇಕಿಲ್ಲ. ಮೊದಲ ಅಕ್ಷರ ಹಸಿರು, ಮೂರನೇದು ಹಳದಿ, ಅದನ್ನ ಇಲ್ಲಿಗೆ ಇದನ್ನ ಅಲ್ಲಿಗೆ ಸರಿಸಿದ್ರೆ ಪದ ಆಯ್ತು. ಆ ಪದದ ಅರ್ಥ ಗೊತ್ತಿಲ್ಲದೇನೂ ಗೆಲ್ಲಬಹುದು. ಒಗಟು ಹಾಗಲ್ಲ. ಅದು ವಸ್ತುವನ್ನೇ ಬಚ್ಚಿಡುತ್ತೆ. ವಸ್ತುವನ್ನ ಕಣ್ಣಾರೆ ನೋಡದೋನು ಬಿಡಿಸೋಕಾಗಲ್ಲ.

ಅತ್ತೆ: ಹಾಗಾದ್ರೆ ಒಂದು ಕೇಳ್ತೀನಿ, ಬಿಡಿಸು. ಈಗ ಹೊಸದಾಗಿ ಕಟ್ಟಿದ್ದು. ನಿಂತಾಗ ಕೋಲು, ಹಿಂಡಿದ್ರೆ ಹೊಳೆ, ಕಾಸಿದ್ರೆ ಕಲ್ಲು, ಕಲ್ಲು ಕಚ್ಚಿದ್ರೆ ಬಾಯೆಲ್ಲ ಸೀ.

ಅಳಿಯ: ಬೆಲ್ಲ! ಇದು ಬಿಡಿಸೋಕೆ ಮಂಡ್ಯ ಜಿಲ್ಲೇಲಿ ಹುಟ್ಟಿದ್ರೆ ಸಾಕು.

ಅತ್ತೆ: ಅದೇ ನಾನು ಹೇಳೋಕೆ ಹೊರಟಿದ್ದು. ಆಲೆಮನೆ ನೋಡದ ಮಗು ಇದನ್ನ ಬಿಡಿಸೋದಿಲ್ಲ. ಕೊಪ್ಪರಿಗೇಲಿ ಕಬ್ಬಿನ ಹಾಲು ಕುದಿಯೋದು, ಪಾಕ ಅಚ್ಚಿಗೆ ಬೀಳೋದು, ಯಾವುದೂ ಅದಕ್ಕೆ ಗೊತ್ತಿಲ್ಲ. ಬೆಂಗಳೂರಲ್ಲಿ ಬೆಳೀತಿರೋ ನನ್ನ ತಂಗಿ ಮೊಮ್ಮಗಳಿಗೆ ನಿನ್ನ ಒಗಟು ಮುಚ್ಚಿದ ಬಾಗಿಲು. ಆದ್ರೆ ಅವಳು ಇಂಗ್ಲಿಷ್ ಮಾಧ್ಯಮದಲ್ಲಿ ಓದ್ತಾ, ಒತ್ತಕ್ಷರ ಅಂದ್ರೆ ಅಳ್ತಿದ್ದೋಳು, ಈ ಬಣ್ಣದ ಆಟ ಆಡ್ತಾ ಆಡ್ತಾ ದ-ಕ್ಕೆ ದ ಒತ್ತು ಎಲ್ಲಿ ಬರುತ್ತೆ, ದ-ಕ್ಕೆ ಧ ಎಲ್ಲಿ ಬರುತ್ತೆ ಅಂತ ತಾನೇ ಕಂಡುಕೊಂಡಳು. ಮೂವತ್ತು ವರ್ಷ ಕಪ್ಪುಹಲಗೆ ಮೇಲೆ ನಾನು ಬರೆದು ಬರೆದು ಕಲಿಸಿದ್ದನ್ನ ಅವಳು ಆಟದಲ್ಲಿ ಕಲಿತಳು. ಅರ್ಥ ಆಮೇಲೆ ಬರುತ್ತೆ ಕಣೋ. ಮೊದಲು ಅಕ್ಷರದ ಮೇಲೆ ಪ್ರೀತಿ ಬರಲಿ.

ಅಳಿಯ: ಅರ್ಥ ಆಮೇಲೆ ಬರುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ಬಾರದೇನೂ ಇರಬಹುದು.

(ಮದ್ದೂರಿನಲ್ಲಿ ಇಳಿದು ಚಿಕ್ಕತ್ತೆಯ ಮನೆಯಲ್ಲಿ ಊಟ ಮುಗಿಸಿ, ಮೂವರೂ ರೈಲು ನಿಲ್ದಾಣಕ್ಕೆ ಬಂದರು. ಚಿಕ್ಕತ್ತೆ ವಡೆಯ ಪೊಟ್ಟಣ ಕೈಗೆ ಕೊಟ್ಟು ಬೀಳ್ಕೊಟ್ಟರು. ಅವರ ಮನೆಯಲ್ಲಿ ಏನೋ ಆಗಿತ್ತು. ರೈಲು ಹೊರಟ ಮೇಲೆ ಅಳಿಯ ಅಲ್ಲಿಂದಲೇ ಹಿಡಿದ.)

ಅಳಿಯ: ಚಿಕ್ಕತ್ತೆ 'ಚಂದ್ರಿಕೆ' ಅಂತ ಹಾಕಿದಾಗ ಫೋನು ಏನಂತು? 'ಈ ಪದ ಪಟ್ಟಿಯಲ್ಲಿಲ್ಲ.' ಮಳವಳ್ಳಿ, ಮದ್ದೂರು ಸೀಮೇಲಿ ರೇಷ್ಮೆ ಸಾಕೋ ಮನೆಗಳಲ್ಲಿ ಕೇಳಿ. ಹುಳು ಹಣ್ಣಾದ ಮೇಲೆ ಗೂಡು ಕಟ್ಟಲಿ ಅಂತ ಬಿಡೋ ಬಿದಿರಿನ ತಟ್ಟೆ. ಅದಿಲ್ಲದೆ ಗೂಡಿಲ್ಲ, ಗೂಡಿಲ್ಲದೆ ಸೀರೆ ಇಲ್ಲ. ಆ ಪದ ಪಟ್ಟೀಲಿಲ್ಲ. ಆದ್ರೆ ಯಾರೂ ಬಾಯಲ್ಲಿ ಆಡದ ಸಂಸ್ಕೃತದ ಸಮಾಸಪದಗಳು ಇರ್ತವೆ. ನನ್ನ ಸಿಟ್ಟಿರೋದು ಇಲ್ಲಿ ಅತ್ತೆ. ಪಟ್ಟಿ ಯಾರು ಮಾಡಿದ್ರು? ಯಾರ ಕನ್ನಡ ಅದು? ನಮ್ಮ ಮಾತನ್ನ ಸಿನಿಮಾದೋರು ನಗಿಸೋಕೆ ಬಳಸ್ಕೊಂಡ್ರು. 2024ರ ಡಿಸೆಂಬರಲ್ಲಿ ಮಂಡ್ಯದಲ್ಲೇ 87ನೇ ಸಾಹಿತ್ಯ ಸಮ್ಮೇಳನ ಆಯ್ತು, ನಮ್ಮೂರ ಕನ್ನಡ ಎಷ್ಟು ಗಟ್ಟಿ ಅಂತ ಎಲ್ಲರೂ ಹೊಗಳಿ ಹೋದ್ರು. ಪದದಾಟಕ್ಕೆ ಬಂದಾಗ ಮಾತ್ರ ನಮ್ಮ ಪದಕ್ಕೆ ಒಳಗೆ ಜಾಗ ಇಲ್ಲ.

ಅತ್ತೆ: ಚಂದ್ರಿಕೆ ಇರಬೇಕಿತ್ತು, ಅದು ತಪ್ಪೇ. ಅದು ಕಸುಬಿನ ಪದ. ಕಸುಬಿನ ವಸ್ತುವಿಗೆ ಬೇರೆ ಹೆಸರೇ ಇರೋದಿಲ್ಲ, ಪದ ಬಿಟ್ಟರೆ ವಸ್ತುವೇ ಬಿಟ್ಟ ಹಾಗೆ. ಆದ್ರೆ ನೀನು ಮೊನ್ನೆ ಇನ್ನೊಂದು ಹೇಳ್ತಿದ್ದೆ. 'ಬುಡು', 'ಆಯ್ತದೆ', 'ಮ್ಯಾಲೆ' ಇವನ್ನೂ ಒಪ್ಪಬೇಕು ಅಂತ. ಅಲ್ಲಿ ನಾನು ನಿಲ್ತೀನಿ. ಪದದಾಟ ಅಂದ್ರೆ ಕಟ್ಟೋರಿಗೂ ಬಿಡಿಸೋರಿಗೂ ನಡುವೆ ಒಂದು ಒಪ್ಪಂದ. ಧಾರವಾಡದೋರಿಗೆ, ಮಂಗಳೂರೋರಿಗೆ, ಕಾಸರಗೋಡಿನೋರಿಗೆ ಎಲ್ಲರಿಗೂ ಒಂದೇ ಪದ ಬರಬೇಕು. ಮಂಡ್ಯದೋರಿಗೆ 'ಬುಡು', ಅವರಿಗೆ 'ಬಿಡು' ಆದ್ರೆ ಹಸಿರು ಯಾವುದಕ್ಕೆ ಕೊಡ್ತೀಯ?

ಅಳಿಯ: ಎರಡಕ್ಕೂ ಕೊಡಲಿ. ಯಂತ್ರಕ್ಕೆ ಅದು ಕಷ್ಟ ಏನಲ್ಲ.

ಅತ್ತೆ: ಯಂತ್ರಕ್ಕೆ ಕಷ್ಟ ಇಲ್ಲ, ಆಟಕ್ಕೆ ಕಷ್ಟ. ಎಲ್ಲಾ ಉತ್ತರ ಸರಿ ಅಂದ್ರೆ ಹುಡುಕೋಕೆ ಏನು ಉಳಿಯುತ್ತೆ? ಕನ್ನಡ ಈಗಾಗಲೇ ಎಷ್ಟು ಕಠಿಣ ಅಂತ ಯೋಚನೆ ಮಾಡು. ಇಂಗ್ಲಿಷಿಗೆ 26 ಅಕ್ಷರ. ನಮಗೆ 34 ವ್ಯಂಜನ, 13 ಸ್ವರ. ಗುಣಿಸಿದ್ರೆ ಕಾಗುಣಿತವೇ 442. ಅದರ ಮೇಲೆ ಒತ್ತು, ಸೊನ್ನೆ, ವಿಸರ್ಗ. ಆರು ಸಾಲಲ್ಲಿ ಬರೀ ಊಹೆ ಮಾಡಿ ಪದ ಹಿಡಿಯೋದು ಆಗದ ಮಾತು. ಅದಕ್ಕೇ ಚೆನ್ನಾಗಿ ಮಾಡಿದ ಕನ್ನಡದ ಆಟದಲ್ಲಿ ವ್ಯಂಜನ ಸರಿ ಇದೆ, ಸ್ವರ ಬೇರೆ ಅನ್ನೋದಕ್ಕೂ ಒಂದು ಗುರುತು ಇರುತ್ತೆ. 'ಕಿ' ಹಾಕಿದೆ, ಇರೋದು 'ಕು' ಅಂದ್ರೆ ಅರ್ಧ ದಾರಿ ಬಂದಿದೀಯ ಅಂತ ಹೇಳುತ್ತೆ. ಈ ಗುರುತು ಇಂಗ್ಲಿಷಿನ ಆಟದಲ್ಲಿಲ್ಲ, ಅಲ್ಲಿ ಬೇಕಾಗೂ ಇಲ್ಲ. ಇದು ನಮ್ಮ ಲಿಪಿಯ ಗುಣ ನೋಡಿ ಮಾಡಿದ್ದು. ಇದನ್ನ ಕಂಡಾಗ ನನಗೆ ಎಷ್ಟು ಸಂತೋಷ ಆಯ್ತು ಅಂತ ನಿನಗೆ ಹೇಳೋಕಾಗಲ್ಲ.

ಅಳಿಯ: ಆ ಸಂತೋಷ ನನಗೆ ಅರ್ಥ ಆಗುತ್ತೆ.

ಅತ್ತೆ: ಇನ್ನೂ ಇದೆ. 'ಮಂಡ್ಯ' ಎಷ್ಟಕ್ಷರ?

ಅಳಿಯ: ಎರಡು.

ಅತ್ತೆ: ಫೋನಿನೊಳಗೆ ಐದು. ಮ ಒಂದು, ಸೊನ್ನೆ ಒಂದು, ಡ ಒಂದು, ಒತ್ತು ಬರಲಿ ಅಂತ ಹಾಕೋ ಚಿಹ್ನೆ ಒಂದು, ಯ ಒಂದು. ಯೂನಿಕೋಡಿನಲ್ಲಿ ಹೀಗೆ ಬಿಡಿ ಬಿಡಿಯಾಗೇ ಇಡೋದು. ಮದ್ದೂರು ನಮಗೆ ಮೂರು, ಅದಕ್ಕೆ ಏಳು. ಮಳವಳ್ಳಿ ನಮಗೆ ನಾಲ್ಕು, ಅದಕ್ಕೂ ಏಳೇ. ಇಂಗ್ಲಿಷ್ ಆಟವನ್ನ ಹಾಗೇ ಎತ್ತಿ ತಂದು ಕನ್ನಡದಲ್ಲಿ ಇಟ್ಟರೆ ಮಂಡ್ಯ ಐದಕ್ಷರದ ಪದ ಆಗ್ಬಿಡುತ್ತೆ, ಮದ್ದೂರಿಗೂ ಮಳವಳ್ಳಿಗೂ ವ್ಯತ್ಯಾಸವೇ ಇಲ್ಲ. ಪದಬಂಧ ಕಟ್ಟೋರು ಇದನ್ನ ಮೊದಲಿಂದ ಸರಿಯಾಗಿ ಮಾಡ್ಕೊಂಡು ಬಂದಿದಾರೆ. ಒಂದು ಮನೆಗೆ ಒಂದಕ್ಷರ. ಕಾಗುಣಿತ, ಒತ್ತು, ಸೊನ್ನೆ ಎಲ್ಲಾ ಸೇರಿ ಒಂದು. 'ಮಂ' ಒಂದು ಮನೆ, 'ಡ್ಯ' ಒಂದು ಮನೆ. ಪತ್ರಿಕೆಯೋರು ಉಳಿಸಿದ ಆ ಲೆಕ್ಕವನ್ನ ಫೋನಿನ ಆಟದಲ್ಲೂ ಉಳಿಸಬೇಕು. ನೀನು ಪದದಾಟ ಬೇಡ ಅಂದ್ರೆ, ಈ ಲೆಕ್ಕ ಗೊತ್ತಿರೋ ನಿನ್ನಂಥೋರು ದೂರ ನಿಂತ್ರೆ, ಅದನ್ನ ಗೊತ್ತಿಲ್ಲದೋರು ಕಟ್ತಾರೆ.

ಅಳಿಯ: ಈ ಮಾತಿಗೆ ನನ್ನಲ್ಲಿ ತಕ್ಷಣ ಉತ್ತರ ಇಲ್ಲ. ಆದ್ರೆ ಅಕ್ಷರ ಹೊಂದಿಸೋದು ನಮಗೆ ಹೊಸದಾಗಿ ಬಂದದ್ದು ಅಂತ ಅಂದ್ಕೋಬೇಡಿ. ಅಂಕಿಗಳಲ್ಲೇ ಬರೆದ ಕಾವ್ಯ ಸಿರಿಭೂವಲಯ ನೋಡಿ. ಒಂದೊಂದು ಚೌಕಕ್ಕೆ 27 ಸಾಲು, ಸಾಲಿಗೆ 27 ಮನೆ, ಮನೆಗಳ ತುಂಬ 1ರಿಂದ 64ರ ಅಂಕಿ. ಅಂಕಿ ಬಿಡಿಸಿದ್ರೆ ಅಕ್ಷರ, ಅಕ್ಷರ ಕೂಡಿಸಿದ್ರೆ ಪದ್ಯ.

ಅತ್ತೆ: ನೀನೇ ನನ್ನ ಪಕ್ಷಕ್ಕೆ ಸಾಕ್ಷಿ ತರ್ತಿದೀಯ. ಅವಧಾನ ಸೇರಿಸ್ಕೋ, ಸಭೇಲಿ ಪೃಚ್ಛಕರು ಅಂದ್ರೆ ಪ್ರಶ್ನೆ ಹಾಕೋರು ಕೇಳಿದ ಹಾಗೆ ಅಲ್ಲೇ ಪದ್ಯ ಕಟ್ಟೋ ಕಲೆ. ಅದರಲ್ಲಿ ನಿಷೇಧಾಕ್ಷರಿ ಅಂತ ಇದೆ. ಅವಧಾನಿ ಒಂದೊಂದೇ ಅಕ್ಷರ ಹೇಳ್ತಾ ಪದ್ಯ ಕಟ್ಟಬೇಕು, ಪೃಚ್ಛಕರು ಮುಂದೆ ಯಾವ ಅಕ್ಷರ ಬರಬಹುದು ಅಂತ ಊಹಿಸಿ ಅದನ್ನ ಬೇಡ ಅಂತಾರೆ. ಅವರು ಬೇರೆ ಅಕ್ಷರ ಹುಡುಕಿ ಪದ್ಯ ಕೆಡದ ಹಾಗೆ ಮುಂದೆ ಹೋಗಬೇಕು. ಶತಾವಧಾನಿ ಆರ್. ಗಣೇಶ್ 2012ರಲ್ಲಿ ಬೆಂಗಳೂರಿನಲ್ಲಿ ಪೂರಾ ಕನ್ನಡದಲ್ಲೇ ಶತಾವಧಾನ ಮಾಡಿದ್ರು. ಅಕ್ಷರದ ಆಟಕ್ಕೆ ನಮ್ಮಲ್ಲಿ ಎಷ್ಟು ಎತ್ತರ ಇದೆ ಅಂತ ಆವಾಗ ಜನ ಕಂಡ್ರು.

ಅಳಿಯ: ಅಲ್ಲೂ ಎದುರಿಗೆ ಪೃಚ್ಛಕರು ಕೂತಿದ್ರು ಅತ್ತೆ. ಬೇಡ ಅನ್ನೋಕೆ ಒಂದು ಜೀವ ಇತ್ತು. ನಾನು ಸುತ್ತಿ ಸುತ್ತಿ ಅಲ್ಲಿಗೇ ಬರ್ತೀನಿ. ಆಟ ಕೆಟ್ಟದ್ದು ಅಂತ ಅಲ್ಲ, ಎದುರಿಗೆ ಒಬ್ಬರು ಇರಬೇಕು ಅಂತ. ಹಳ್ಳಿಯೋರು ಕೆಲಸ ಮಾಡ್ತಾ ಒಗಟು ಹೇಳ್ತಿದ್ರು. ಕಳೆ ಕೀಳ್ತಾ, ಅವರೆಕಾಯಿ ಸುಲೀತಾ. ಕೈ ಒಂದು ಕಡೆ, ಬುದ್ಧಿ ಒಂದು ಕಡೆ, ಪಕ್ಕದಲ್ಲಿ ಇನ್ನೊಬ್ಬರು. ಈಗ ಕೈಯೂ ಬುದ್ಧಿಯೂ ಕಣ್ಣೂ ಒಂದೇ ಗಾಜಿನ ಮೇಲೆ. ಪಕ್ಕದೋರು ಕಾಣೋದಿಲ್ಲ. ಬಸ್ಸಲ್ಲಿ ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೆ.

ಅತ್ತೆ: ಅದು ಮನಸ್ಸಿಗೆ ತಟ್ಟೋ ಮಾತು. ಇಲ್ಲ ಅನ್ನಲ್ಲ. ಆದ್ರೂ ನನ್ನ ವಯಸ್ಸಿನೋರಿಗೆ ಇನ್ನೊಂದು ಕಾರಣ ಇದೆ. ಹೆಸರು ಮರೀತಿದೆ. ಎದುರಿಗೆ ಹಳೇ ವಿದ್ಯಾರ್ಥಿ ಬಂದು ನಿಂತು ನಮಸ್ಕಾರ ಮೇಡಂ ಅಂದ್ರೆ ಹೆಸರು ನಾಲಿಗೆ ತುದೀಲಿ ನಿಲ್ಲುತ್ತೆ. ಪದದಾಟ ಆಡಿದ್ರೆ ಆ ಮರೆವು ನಿಲ್ಲುತ್ತೆ ಅಂತ ಡಾಕ್ಟರ ಬಾಯಲ್ಲಿ ಕೇಳಿದೆ.

ಅಳಿಯ: ಅದನ್ನ ನಾನೂ ಹುಡುಕಿ ಓದಿದೆ, ನಿಮಗೋಸ್ಕರ. 2022ರಲ್ಲಿ ಅಮೆರಿಕದ ಕೊಲಂಬಿಯಾ, ಡ್ಯೂಕ್ ವಿಶ್ವವಿದ್ಯಾಲಯದೋರು ಒಂದು ಅಧ್ಯಯನ ಪ್ರಕಟಿಸಿದ್ರು. ಮರೆವು ಶುರುವಾಗಿದ್ದ 107 ಜನ, 78 ವಾರ. ಅರ್ಧ ಜನಕ್ಕೆ ಕಂಪ್ಯೂಟರಿನಲ್ಲಿ ಪದಬಂಧ, ಉಳಿದೋರಿಗೆ ಬೇರೆ ಬಗೆಯ ಬುದ್ಧಿಯ ಆಟಗಳು. ಪದಬಂಧದೋರು ಸ್ವಲ್ಪ ಮೇಲಾಗಿ ಉಳಿದ್ರು.

ಅತ್ತೆ: ನೋಡಿದ್ಯಾ!

ಅಳಿಯ: ತಡೀರಿ. ಏನೂ ಆಡದ ಮೂರನೇ ಗುಂಪು ಅದರಲ್ಲಿ ಇರಲಿಲ್ಲ. ಒಂದು ಆಟಕ್ಕಿಂತ ಇನ್ನೊಂದು ಮೇಲು ಅಂತ ಹೇಳಬಹುದು, ಆಟ ಆಡಿದ್ರೆ ಮರೆವು ಬರಲ್ಲ ಅಂತ ಅದರಿಂದ ಹೇಳೋಕಾಗಲ್ಲ. ಔಷಧಿ ಅಂತ ತಿಳಿದು ಆಡಬೇಡಿ ಅತ್ತೆ. ಇಷ್ಟ ಅಂತ ಆಡಿ.

ಅತ್ತೆ: ಇಷ್ಟ ಅಂತಲೇ ಆಡೋದು. ಆದ್ರೆ ಭಯಾನೂ ಇದೆ, ಅದನ್ನ ಬಚ್ಚಿಡೋಕೆ ಏನಿದೆ? ನಮ್ಮ ಜಿಲ್ಲೆಯೋರೇ ಆದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯ ಇದ್ರಲ್ಲ, 1913ರ ಆಗಸ್ಟಲ್ಲಿ ಹುಟ್ಟಿದೋರು. ಲೋಕದ ಮೊದಲ ಪದಬಂಧ ನ್ಯೂಯಾರ್ಕಿನ ಪತ್ರಿಕೇಲಿ ಬಂದದ್ದೂ ಅದೇ 1913ರ ಡಿಸೆಂಬರ್ 21ಕ್ಕೆ. ಅವರು 107 ವರ್ಷ ಬದುಕಿ 2021ರ ಏಪ್ರಿಲಲ್ಲಿ ಹೋದ್ರು. ನೂರು ದಾಟಿದ ಮೇಲೂ ಪದ ಕೇಳಿದ್ರೆ ಮೂಲ, ಪ್ರಯೋಗ, ಅರ್ಥ ಹೇಳ್ತಿದ್ರು. ಅವರು ಪದದ ಜೊತೆ ಬದುಕಿದ್ದಕ್ಕೆ ಹಾಗಿದ್ರೋ, ಹಾಗಿದ್ದಕ್ಕೆ ಪದದ ಜೊತೆ ಬದುಕಿದ್ರೋ ನನಗೆ ತಿಳೀದು. ಆದ್ರೆ ಅವರನ್ನ ನೆನೆಸಿಕೊಂಡ್ರೆ ಧೈರ್ಯ ಬರುತ್ತೆ.

ಅಳಿಯ: ವೆಂಕಟಸುಬ್ಬಯ್ಯನವರ ಹೆಸರು ತಂದಿದ್ದು ಒಳ್ಳೇದಾಯ್ತು. ಅವರ 'ಇಗೋ ಕನ್ನಡ' ಅಂಕಣ ಹೇಗಿತ್ತು? ಪ್ರಜಾವಾಣೀಲಿ ವರ್ಷಗಟ್ಟಲೆ ಬಂತು. ಓದುಗರು ಕಾಗದ ಬರೀತಿದ್ರು, ಈ ಪದ ನಮ್ಮೂರಲ್ಲಿದೆ, ಇದರ ಅರ್ಥ ಏನು, ಮೂಲ ಏನು ಅಂತ. ಅವರು ಉತ್ತರ ಕೊಡ್ತಿದ್ರು. ಪದ ಊರಿಂದ ಪತ್ರಿಕೆಗೆ ಹೋಗ್ತಿತ್ತು, ಅರ್ಥ ಪತ್ರಿಕೆಯಿಂದ ಊರಿಗೆ ಬರ್ತಿತ್ತು. ನಾನು ಕೇಳೋದು ಇಷ್ಟೇ. ಫೋನಿನ ಆಟದಲ್ಲಿ ಪದ ಒಂದೇ ಕಡೆಯಿಂದ ಬರುತ್ತೆ. ಚಿಕ್ಕತ್ತೆ ಚಂದ್ರಿಕೆ ಕೊಟ್ರು, ಅದು ತಗೊಳ್ಳಲಿಲ್ಲ. ಏನು ಅಂತ ಕೇಳಲೂ ಇಲ್ಲ.

ಅತ್ತೆ: ಸರಿ, ಹಾಗಾದ್ರೆ ನಿನ್ನ ಕೇಳ್ತೀನಿ. ನೀನು ಕೂಡಿಸಿರೋ ಒಗಟು, ಕಸುಬಿನ ಪದ ಎಲ್ಲಾ ಎಲ್ಲಿಡ್ತೀಯ?

ಅಳಿಯ: ಪ್ರಬಂಧದಲ್ಲಿ. ಪದವಿ ಬಂದ ಮೇಲೆ ಪುಸ್ತಕ ಮಾಡಬೇಕು ಅಂತ ಇದೆ.

ಅತ್ತೆ: ಮೂರೋ ನಾಲ್ಕೋ ಪ್ರತಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗ್ತವೆ. ಅದನ್ನ ತೆರೆದು ಓದೋರು ಎಷ್ಟು ಜನ? ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು ಕೂಡಿಸಿದ್ದನ್ನ ಬರೀ ಪುಸ್ತಕದಲ್ಲಿ ಇಟ್ಟು ಸುಮ್ಮನಾಗಲಿಲ್ಲ. ರಾಮನಗರದ ಹತ್ರ ಜಾನಪದ ಲೋಕವನ್ನೇ ಕಟ್ಟಿದ್ರು, ಮೈಸೂರು ರಸ್ತೇಲಿ ಹೋಗೋ ಯಾರು ಬೇಕಾದ್ರೂ ಒಳಗೆ ಹೋಗಿ ನೋಡಲಿ ಅಂತ. ನಿಘಂಟಿನ ಕಡೆ ನೋಡು. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದ್ರು, 'ಅಲರ್'. ಒಂದೂವರೆ ಲಕ್ಷ ಪದ. 2019ರಲ್ಲಿ ಅದನ್ನ ಅಂತರ್ಜಾಲದಲ್ಲಿ ಎಲ್ಲರಿಗೂ ಬಿಟ್ಟುಕೊಟ್ರು. ಯಾರು ಬೇಕಾದ್ರೂ ತಗೊಂಡು ಅದರ ಮೇಲೆ ಏನು ಬೇಕಾದ್ರೂ ಕಟ್ಟಬಹುದು. ನೀನು ನಿನ್ನ ಟಿಪ್ಪಣಿ ಪುಸ್ತಕ ಮುಚ್ಚಿಟ್ಟುಕೊಂಡು, ಪಟ್ಟೀಲಿ ಚಂದ್ರಿಕೆ ಇಲ್ಲ ಅಂತ ಸಿಟ್ಟಾದ್ರೆ ಹೇಗೆ?

ಅಳಿಯ: ಮುಚ್ಚಿಟ್ಟಿಲ್ಲ ಅತ್ತೆ. ಹೆದರಿಕೆ. ಆ ಅಜ್ಜಿಯರು ನನಗೆ ನಂಬಿ ಹೇಳಿದ್ದು. ಯಾವ ಸಂದರ್ಭದಲ್ಲಿ ಹೇಳೋದು, ಯಾರ ಮುಂದೆ ಹೇಳಬಾರದು ಅಂತ ಅದಕ್ಕೊಂದು ಮರ್ಯಾದೆ ಇದೆ. ಗಂಡಸರ ಮುಂದೆ ಹೇಳದ ಒಗಟುಗಳನ್ನ ನನ್ನ ಅಕ್ಕನನ್ನ ಕರ್ಕೊಂಡು ಹೋಗಿ ಬರೆಸಿಕೊಂಡಿದೀನಿ. ಅದನ್ನೆಲ್ಲ ತೆಗೆದು ಬಣ್ಣದ ಮನೆಯೊಳಗೆ ಹಾಕಿಬಿಟ್ರೆ ಉಳಿಯೋದು ಅಕ್ಷರ ಮಾತ್ರ. ಹೇಳಿದೋರು ಅಳಿಸಿಹೋಗ್ತಾರೆ.

ಅತ್ತೆ: ಒಗಟು ಕೊಡಬೇಡ. ಅದು ನೀನು ಹೇಳಿದ ಹಾಗೆ ಜಗಲಿಯ ಸ್ವತ್ತು, ಅಲ್ಲೇ ಇರಲಿ. ಪದ ಕೊಡು. ಚಂದ್ರಿಕೆ, ಕೊಪ್ಪರಿಗೆ, ಆಲೆಮನೆ. ರೇಷ್ಮೆ ಹುಳ ಪೊರೆ ಬಿಡೋಕೆ ಮುಂಚೆ ಮೇವು ಬಿಟ್ಟು ಮಲಗೋದಕ್ಕೆ ನಮ್ಮೋರು ಜ್ವರ ಅಂತಾರಲ್ಲ, ಆ ಅರ್ಥ ಕೊಡು. ಅದರಿಂದ ಯಾರ ಮರ್ಯಾದೆಯೂ ಹೋಗಲ್ಲ.

ಅಳಿಯ: ಪದ ಕೊಡ್ತೀನಿ. ಒಂದು ಷರತ್ತು. ಉತ್ತರ ಸಿಕ್ಕಿದ ಮೇಲೆ ಆಟ ಮುಗೀಬಾರದು. ಪದದ ಕೆಳಗೆ ಅರ್ಥ ಬರಬೇಕು, ಯಾವ ಸೀಮೆಯ ಬಳಕೆ ಅಂತ ಬರಬೇಕು, ಒಂದು ವಾಕ್ಯ ಬರಬೇಕು, ಆ ಸೀಮೆಯೋರು ಆಡೋ ಹಾಗೆಯೇ. 'ಬುಡು' ಪದವಾಗಿ ಬೇಡ ಅಂದ್ರಿ, ಆಯ್ತು. ವಾಕ್ಯದಲ್ಲಿ ಬರಲಿ. 'ಹುಳ ಹಣ್ಣಾಗವೆ, ಚಂದ್ರಿಕೇಗೆ ಬುಡು' ಅಂತ ಧಾರವಾಡದ ಹುಡುಗಿ ಓದಲಿ.

ಅತ್ತೆ: ಇದು ಚೆನ್ನಾಗಿದೆ. ಇದಕ್ಕೆ ನನ್ನ ತಕರಾರಿಲ್ಲ.

ಅಳಿಯ: ಆದ್ರೂ ನೀವು ವಾರಕ್ಕೊಂದು ದಿನ ಫೋನು ಬಿಟ್ಟು ನನ್ನ ಜೊತೆ ಹಳ್ಳಿಗೆ ಬರಬೇಕು.

ಅತ್ತೆ: ಬರ್ತೀನಿ. ಬೆಳಿಗ್ಗೆಯ ಪದ ಮುಗಿಸಿ ಬರ್ತೀನಿ. ಅದನ್ನ ಬಿಡು ಅಂತ ಮಾತ್ರ ಕೇಳಬೇಡ.

ಅಳಿಯ: ಕೇಳೋದು ನಾನು ಬಿಡಲ್ಲ. ಒಬ್ಬರೇ ಕೂತು ಗೆಲ್ಲೋ ಆಟಕ್ಕೂ, ನಾಲ್ಕು ಜನ ಕೂತು ಸೋಲೋ ಆಟಕ್ಕೂ ವ್ಯತ್ಯಾಸ ಇದೆ ಅಂತ ನನ್ನ ನಂಬಿಕೆ.

ಅತ್ತೆ: ನಾಲ್ಕು ಜನ ಇಲ್ಲದ ಮನೇಲಿ ಒಬ್ಬರಾದರೂ ಕನ್ನಡದ ಜೊತೆ ಕೂತಿರಲಿ ಅಂತ ನನ್ನ ನಂಬಿಕೆ.

(ರೈಲು ಮಂಡ್ಯಕ್ಕೆ ಬಂತು. ಇಬ್ಬರೂ ತಮ್ಮ ತಮ್ಮ ಮಾತು ಬಿಡಲಿಲ್ಲ. ಆದರೆ ಒಂದು ವಿಷಯದಲ್ಲಿ ಇಬ್ಬರ ಮಾತೂ ಕೂಡಿತು. ಕನ್ನಡದಲ್ಲಿ ಪದದಾಟ ಕಟ್ಟುವ ಎಲ್ಲರಿಗೂ ಅದನ್ನು ಕೋರಿಕೆಯಾಗಿ ಮುಂದಿಡುತ್ತಿದ್ದೇನೆ. ಪದವನ್ನು ಅಕ್ಷರದಿಂದ ಎಣಿಸಿ, ಯಂತ್ರದೊಳಗಿನ ಚಿಹ್ನೆಗಳಿಂದ ಬೇಡ. ಉತ್ತರದ ಜೊತೆಗೆ ಅರ್ಥ ಕೊಡಿ. ಆಡುವವರು ಹಾಕಿದ ಪದ ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಯಾವ ಊರಿನದು, ಯಾವ ಕಸುಬಿನದು ಎಂದು ಅವರನ್ನು ಕೇಳಿ, ಬರೆದುಕೊಳ್ಳಿ. ಆಡುವವರೂ ಕೇಳಿದಾಗ ಬೇಸರಿಸದೆ ಎರಡು ಸಾಲು ಬರೆದು ಕಳಿಸಿ.)